ಚಾವಡಿಯ ದಫ್ತರ, ಬೀದಿಯ ಡಂಗುರ



ವಿಶ್ವವಿದ್ಯಾಲಯದ ಜಾಲತಾಣವನ್ನೂ ಅದರ ಸಾಮಾಜಿಕ ಮಾಧ್ಯಮದ ಬರಹಗಳನ್ನೂ ಹೇಗೆ ಹೊಂದಿಸಿಕೊಂಡು ನಡೆಸಬೇಕು ಎಂಬುದು ಇವತ್ತಿನ ನನ್ನ ವಿಷಯ. ಕೇಳಿದರೆ ಕಂಪ್ಯೂಟರ್ ವಿಭಾಗದ ಕೆಲಸದಂತೆ ಕಾಣುತ್ತದೆ. ಅದು ಹಾಗಲ್ಲ ಎಂದು ನನಗೆ ತಿಳಿಸಿಕೊಟ್ಟವಳು ಬಿ.ಎ. ಓದುತ್ತಿದ್ದ ಒಬ್ಬ ಹುಡುಗಿ.

ಆಗ ನಾನು ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವುದರ ಜೊತೆಗೆ ಜಾಲತಾಣದ ಹೆಚ್ಚುವರಿ ಹೊಣೆ ಹೊತ್ತಿದ್ದೆ. ಜೋರು ಮಳೆ. ಮರುದಿನದ ಪರೀಕ್ಷೆಯನ್ನು ಮುಂದೂಡುವ ಸುತ್ತೋಲೆಗೆ ರಾತ್ರಿ ಎಂಟರ ಸುಮಾರಿಗೆ ಸಹಿ ಬಿತ್ತು. ಪರೀಕ್ಷಾ ವಿಭಾಗದ ಒಬ್ಬರು ಮೊಬೈಲಿನಲ್ಲಿ ಅದರ ಫೋಟೊ ತೆಗೆದು ಪ್ರಾಂಶುಪಾಲರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಅಲ್ಲಿಂದ ಅದು ಕಾಲೇಜುಗಳ ಗುಂಪಿಗೆ, ತರಗತಿಗಳ ಗುಂಪಿಗೆ, ಮನೆಮನೆಗೆ ಹೋಯಿತು. ಫೋಟೊ ತೆಗೆಯುವಾಗ ಹಾಳೆಯ ಮೇಲ್ತುದಿ ಕತ್ತರಿಸಿಹೋಗಿತ್ತು. ಸುತ್ತೋಲೆಯ ಸಂಖ್ಯೆ, ದಿನಾಂಕ ಎರಡೂ ಇದ್ದದ್ದು ಆ ತುದಿಯಲ್ಲೇ. ಜಾಲತಾಣಕ್ಕೆ ಅದು ಏರಿದ್ದು ಮರುದಿನ ಹನ್ನೊಂದು ಗಂಟೆಗೆ, ಸಂಬಂಧಪಟ್ಟ ಗುಮಾಸ್ತರು ಕಚೇರಿಗೆ ಬಂದ ಮೇಲೆ.

ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷಾ ಕೇಂದ್ರದ ಮುಂದೆ ಹತ್ತು ಹದಿನೈದು ಮಕ್ಕಳು ನೆನೆದು ನಿಂತಿದ್ದರು. ಅವರಲ್ಲೊಬ್ಬಳು ಮೊದಲ ಬಸ್ಸು ಹಿಡಿದು ನಲವತ್ತು ಕಿಲೋಮೀಟರ್ ದೂರದಿಂದ ಬಂದಿದ್ದಳು. "ಸುದ್ದಿ ಗೊತ್ತಾಗಲಿಲ್ಲವೇನಮ್ಮ?" ಎಂದು ಕೇಳಿದೆ. "ಮೊಬೈಲಿಗೆ ಬಂದಿತ್ರಿ ಸರ್. ಆದ್ರ ಹ್ವಾದ ವರ್ಷನೂ ಇಂಥಾದ್ದ ಒಂದು ಬಂದಿತ್ತು, ಅದು ಸುಳ್ಳಿತ್ತು. ಅದಕ್ಕ ವೆಬ್‌ಸೈಟ್ ತಗದು ನೋಡಿದ್ನ್ರಿ. ಅಲ್ಲೇನೂ ಇರಲಿಲ್ಲ. ಹಂಗಾಗಿ ಬಂದೇನ್ರಿ" ಎಂದಳು.

ಆ ಹುಡುಗಿ ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ಕೈಗೆ ಬಂದ ಸುದ್ದಿಯನ್ನು ಹಾಗೇ ನಂಬಬೇಡ, ಮೂಲ ನೋಡು ಎಂದು ನಾವೇ ತರಗತಿಯಲ್ಲಿ ಹೇಳಿಕೊಟ್ಟಿದ್ದೆವು. ಅವಳು ಮೂಲಕ್ಕೆ ಹೋದಳು. ಮೂಲದಲ್ಲಿ ನಾವಿರಲಿಲ್ಲ.

ನನ್ನ ಬಾಲ್ಯದ ಊರಿನಲ್ಲಿ ಡಂಗುರ ಸಾರುತ್ತಿದ್ದರು. ಕಂದಾಯ ಕಟ್ಟಲು ಕೊನೆಯ ದಿನ, ಸಂತೆ ಬೇರೆ ವಾರಕ್ಕೆ ಹೋದದ್ದು, ಕೆರೆಯ ತೂಬು ಎತ್ತುವುದು, ಎಲ್ಲವೂ ಹಲಗೆಯ ಸದ್ದಿನ ಹಿಂದೆಯೇ ಬರುತ್ತಿದ್ದವು. ಮೂಲೆಮನೆಯವರಿಗೆ ಅರ್ಧ ಕೇಳಿಸುತ್ತಿತ್ತು, ಹೊಲಕ್ಕೆ ಹೋದವರಿಗೆ ಕೇಳಿಸುತ್ತಲೇ ಇರಲಿಲ್ಲ. ಆದರೂ ಊರಿನ ವ್ಯವಹಾರ ನಡೆಯುತ್ತಿತ್ತು. ಏಕೆಂದರೆ ಅನುಮಾನ ಬಂದವರು ಚಾವಡಿಗೆ ಹೋಗಿ ಶಾನುಭೋಗರನ್ನು ಕೇಳಬಹುದಿತ್ತು. ಬರೆದದ್ದು ದಫ್ತರದಲ್ಲಿ ಇರುತ್ತಿತ್ತು. ಮೊದಲು ದಫ್ತರದಲ್ಲಿ ಬರೆದು ಆಮೇಲೆ ಬೀದಿಯಲ್ಲಿ ಸಾರುವುದು ರೂಢಿ. ನಾವು ಆ ರಾತ್ರಿ ಬೀದಿಯಲ್ಲಿ ಸಾರಿದೆವು, ದಫ್ತರವನ್ನು ಮರುದಿನ ಬಿಚ್ಚಿದೆವು. ಜಾಲತಾಣ ನಮ್ಮ ಚಾವಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್, ಯೂಟ್ಯೂಬ್, ವಾಟ್ಸ್‌ಆ್ಯಪ್ ಡಂಗುರ. ಎರಡನ್ನೂ ಹೊಂದಿಸುವ ಕೆಲಸವೆಂದರೆ ಈ ಹಿಂದುಮುಂದನ್ನು ಸರಿಯಾಗಿ ಇಟ್ಟುಕೊಳ್ಳುವುದು. ಇಷ್ಟನ್ನೇ ನಾನು ಇಂದು ಬೇರೆ ಬೇರೆ ಕಡೆಯಿಂದ ಹೇಳಲಿದ್ದೇನೆ.

ಕನ್ನಡ ನಾಡಿನ ವಿಶ್ವವಿದ್ಯಾಲಯಗಳಿಗೆ ಇದು ಹೊಸ ವಿದ್ಯೆಯೇನಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ ತನ್ನ ಅಧ್ಯಾಪಕರನ್ನು ಊರೂರಿಗೆ ಕಳಿಸಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿತು. ಆ ಮಾತುಗಳನ್ನು ಪುಟ್ಟ ಪುಸ್ತಕಗಳಾಗಿಸಿ ಪ್ರಚಾರ ಪುಸ್ತಕಮಾಲೆಯಲ್ಲಿ ಹಂಚಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪನ್ಯಾಸ ಗ್ರಂಥಮಾಲೆ ಅದೇ ದಾರಿಯದು. ಕವಿ ಚೆನ್ನವೀರ ಕಣವಿಯವರು ದಶಕಗಳ ಕಾಲ ಅಲ್ಲಿನ ಪ್ರಸಾರಾಂಗವನ್ನು ನಡೆಸಿದರು. ಪಾಠ ಹೇಳುವುದು, ಸಂಶೋಧನೆ ಮಾಡುವುದು ಇವೆರಡರಷ್ಟೇ ತೂಕದ ಮೂರನೆಯ ಅಂಗವಾಗಿ ಪ್ರಸಾರವನ್ನು ಕಂಡವರು 1956ರಿಂದ 1960ರವರೆಗೆ ಮೈಸೂರಿನಲ್ಲಿ ಕುಲಪತಿಗಳಾಗಿದ್ದ ಕುವೆಂಪು. ಗಮನಿಸಿ, ಅಲ್ಲೂ ಎರಡು ಭಾಗಗಳಿದ್ದವು. ಊರಿನ ಶಾಲೆಯ ಅಂಗಳದಲ್ಲಿ ಆಡಿದ ಮಾತು ಅಂದು ಸಂಜೆಗೆ ಮುಗಿಯುತ್ತಿತ್ತು, ಪುಸ್ತಕ ಉಳಿಯುತ್ತಿತ್ತು. ಮಾತು ಕೇಳಿ ಆಸೆ ಹುಟ್ಟಿದವನ ಕೈಗೆ ಪುಸ್ತಕ ಸಿಗುತ್ತಿತ್ತು.

ಬಾನುಲಿಯ ಕತೆ ಇನ್ನೂ ಚೆನ್ನಾಗಿದೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಯಂತ್ರ ಇಟ್ಟು ಬಾನುಲಿ ನಿಲಯ ತೆರೆದರು. ಅದರ ಹೆಸರು ಆಕಾಶವಾಣಿ. ಮುಂದೆ ಅದು ನಗರಸಭೆಯ ಕೈಗೆ, ಅಲ್ಲಿಂದ ಮೈಸೂರು ಸಂಸ್ಥಾನದ ಕೈಗೆ ಹೋಯಿತು. ಹೆಸರು ಇಡೀ ದೇಶದ ಬಾನುಲಿಯದಾಯಿತು. ಒಬ್ಬ ಮೇಷ್ಟ್ರು ಆ ಕಾಲದ ಹೊಚ್ಚಹೊಸ ಮಾಧ್ಯಮವನ್ನು ಯಾರ ಆದೇಶಕ್ಕೂ ಕಾಯದೆ ಕೈಗೆತ್ತಿಕೊಂಡರು. ಇವತ್ತು ಅಂಥ ಯಂತ್ರ ನಮ್ಮೆಲ್ಲರ ಕಿಸೆಯಲ್ಲಿದೆ. ಅದರಿಂದ ನಾವು ಏನನ್ನು ಪ್ರಸಾರ ಮಾಡುತ್ತಿದ್ದೇವೆ ಎಂಬ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಮೊದಲು ಕೆಲಸದ ಮಾತು. ಆ ಮಳೆಯ ದಿನದ ನಂತರ ನಾವು ಒಂದು ವಹಿ ಇಟ್ಟೆವು. ಕಚೇರಿಗಳಲ್ಲಿ ಆವಕ–ಜಾವಕ ವಹಿ ಇರುತ್ತದಲ್ಲ, ಅದರದೇ ತಮ್ಮ. ವಿಶ್ವವಿದ್ಯಾಲಯದ ಹೆಸರಿನಲ್ಲಿ ಹೊರಗೆ ಹೋಗುವ ಪ್ರತಿಯೊಂದು ಬರಹಕ್ಕೂ ಒಂದು ಸಾಲು: ಯಾವ ವಿಭಾಗದಿಂದ ಬಂತು, ಯಾರು ಒಪ್ಪಿದರು, ಜಾಲತಾಣದಲ್ಲಿ ಯಾವ ಪುಟಕ್ಕೆ ಏರಿತು, ಆಮೇಲೆ ಯಾವ ಯಾವ ಖಾತೆಯಲ್ಲಿ ಎಷ್ಟು ಗಂಟೆಗೆ ಹೋಯಿತು. ಜಾಲತಾಣದ ಪುಟದ ಅಂಕಣ ಖಾಲಿಯಿದ್ದರೆ ಮುಂದಿನ ಅಂಕಣ ತುಂಬುವಂತಿಲ್ಲ. ಇಷ್ಟೇ ಕಟ್ಟಳೆ. ಕುಲಸಚಿವರ ಕಚೇರಿಯಿಂದ ಫೋನು ಬಂದರೂ, "ಎರಡು ನಿಮಿಷ ಸರ್, ಪುಟ ಏರಿಸಿ ಕೊಂಡಿ ಕಳಿಸ್ತೀವಿ" ಎನ್ನುವ ಧೈರ್ಯ ಆ ವಹಿಯಿಂದ ನಮಗೆ ಬಂತು. ರಾತ್ರಿ ಹೊತ್ತು ಪುಟ ಏರಿಸಲು ಯಾರಿಗೆ ಅಧಿಕಾರವಿದೆ ಎಂಬುದನ್ನೂ ಮೊದಲೇ ಬರೆದಿಟ್ಟುಕೊಂಡೆವು, ಏಕೆಂದರೆ ಮಳೆ ಕಚೇರಿಯ ವೇಳೆ ನೋಡಿ ಬರುವುದಿಲ್ಲ.

ಸುತ್ತೋಲೆಯ ಭಾಷೆಯನ್ನು ಬದಲಿಸುವುದು ಇದಕ್ಕಿಂತ ಕಷ್ಟವಾಯಿತು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಪತ್ರದನ್ವಯ" ಎಂದು ಶುರುವಾಗುವ ಹಾಳೆಯಲ್ಲಿ ವಿದ್ಯಾರ್ಥಿಗೆ ಬೇಕಾದ ಮಾತು ಏಳನೆಯ ಸಾಲಿನಲ್ಲಿರುತ್ತದೆ. ಮೊಬೈಲಿನ ಪರದೆಯಲ್ಲಿ ಕಾಣುವುದು ಮೂರು ಸಾಲು. ಹಾಗಾಗಿ ಜಾಲತಾಣದ ಪುಟದ ತಲೆಬರಹವನ್ನು ನಾವೇ ಹೊಸದಾಗಿ ಬರೆಯತೊಡಗಿದೆವು: ಯಾವ ಕೋರ್ಸು, ಯಾವ ಸೆಮಿಸ್ಟರು, ಯಾವ ಪತ್ರಿಕೆ, ಯಾವ ದಿನದ ಪರೀಕ್ಷೆ ಯಾವ ದಿನಕ್ಕೆ ಹೋಗಿದೆ. ಇದರಲ್ಲಿ "ನಾಳೆ" ಎಂಬ ಪದವನ್ನು ನಾನು ಪೂರ್ತಿ ನಿಲ್ಲಿಸಿದೆ. ಸಹಾಯಕರಿಗೆ ಮೊದಲು ಇದು ಹಟವಾಗಿ ಕಂಡಿತು. ಆದರೆ ವಾಟ್ಸ್‌ಆ್ಯಪ್‌ನಲ್ಲಿ "ನಾಳೆ ರಜೆ" ಎಂಬ ಮಾತಿಗೆ ಸಾವಿಲ್ಲ. ಓದಿದ ಪ್ರತಿಯೊಬ್ಬರಿಗೂ ಅವರವರ ನಾಳೆ. ವಾರ, ತಾರೀಖು, ಇಸವಿ ಮೂರೂ ತಲೆಬರಹದಲ್ಲೇ ಇರಬೇಕು. ಆ ಹುಡುಗಿಯನ್ನು ಹಿಂದಿನ ವರ್ಷ ಮೋಸಗೊಳಿಸಿದ ಸುದ್ದಿಯೂ ಇಸವಿ ಇಲ್ಲದ ಒಂದು ಹಳೆಯ ಸುತ್ತೋಲೆಯದೇ ಫೋಟೊ ಆಗಿತ್ತು. ಅದು ಸುಳ್ಳಲ್ಲ, ಹಳತು.

ಸುಳ್ಳನ್ನು ತಡೆಯಲೆಂದು ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ಬಹಳ ಸಲ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬಂತು. ಒಳ್ಳೆಯದೇ ಆಯಿತು. ಆದರೆ ನಮ್ಮ ನಿಜವಾದ ಸುತ್ತೋಲೆಯೂ ಕೈಯಿಂದ ಕೈಗೆ ದಾಟಿ ಅದೇ ಜೋಡಿ ಬಾಣ ಹೊತ್ತು ಬರುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಕೊಂಡಿಯೊಂದೇ. ಫೋಟೊ ಎಲ್ಲಿಂದ ಬಂತೆಂದು ಹೇಳುವುದಿಲ್ಲ, ಕೊಂಡಿ ಮನೆಯ ವಿಳಾಸ ಹೇಳುತ್ತದೆ. ಎಸಿ ಡಾಟ್ ಇನ್ ಎಂದು ಮುಗಿಯುವ ವಿಳಾಸವನ್ನು ಎರ್ನೆಟ್ ಇಂಡಿಯಾ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕೊಡುತ್ತದೆ. ಟ್ವಿಟರ್‌ನವರು 2023ರ ಏಪ್ರಿಲ್‌ನಲ್ಲಿ ಹಳೆಯ ನೀಲಿ ಗುರುತುಗಳನ್ನು ತೆಗೆದರು; ಅದೀಗ ತಿಂಗಳ ಹಣ ಕೊಟ್ಟವರಿಗೂ ಸಿಗುವ ವಸ್ತು. ನಮ್ಮ ವಿಳಾಸದ ಕೊನೆಯ ಆ ನಾಲ್ಕಾರು ಅಕ್ಷರಗಳು ಹಾಗೆ ಸಿಗುವಂಥವಲ್ಲ. ವಿದ್ಯಾರ್ಥಿಗಳಿಗೆ ಪ್ರವೇಶದ ದಿನವೇ ಇದನ್ನು ಹೇಳಿಕೊಡಬೇಕು.

ಕೊಂಡಿ ಕಳಿಸಿದಾಗ ಕೆಳಗೆ ಒಂದು ಚಿಕ್ಕ ಚೌಕಟ್ಟು ಮೂಡುತ್ತದೆ, ಚಿತ್ರ, ತಲೆಬರಹ, ಒಂದು ಸಾಲು ವಿವರಣೆ. ಅದು ತಾನಾಗಿ ಹುಟ್ಟುವುದಿಲ್ಲ. ಪುಟದ ಒಳಗೆ, ಓದುಗನಿಗೆ ಕಾಣದ ಜಾಗದಲ್ಲಿ ನಾವು ಬರೆದಿಟ್ಟದ್ದನ್ನು ವಾಟ್ಸ್‌ಆ್ಯಪ್, ಫೇಸ್‌ಬುಕ್ ಎತ್ತಿಕೊಳ್ಳುತ್ತವೆ. ಬರೆಯದಿದ್ದರೆ ಪರೀಕ್ಷೆಯ ಸುದ್ದಿಯಾಗಲಿ ಪ್ರವೇಶದ ಸುದ್ದಿಯಾಗಲಿ "ಮುಖಪುಟ" ಎಂಬ ಒಂದೇ ಹೆಸರು ಹೊತ್ತು ಹೋಗುತ್ತದೆ, ಯಾರೂ ಒತ್ತುವುದಿಲ್ಲ. ಜಾಲತಾಣ ಕಟ್ಟುವವರಿಗೂ ಬರಹ ಹಾಕುವವರಿಗೂ ನಡುವೆ ಮಾತುಕತೆ ಬೇಕೆನ್ನುವುದು ಇಂಥ ಸಣ್ಣ ಸಂಗತಿಗಳಿಗಾಗಿ. ಮೂರು ವರ್ಷಕ್ಕೊಮ್ಮೆ ಟೆಂಡರ್ ಬದಲಾಗಿ ಹೊಸ ಏಜೆನ್ಸಿಯವರು ಜಾಲತಾಣವನ್ನು ಹೊಸದಾಗಿ ಕಟ್ಟಿದಾಗ ಹಳೆಯ ವಿಳಾಸಗಳೆಲ್ಲ ಸತ್ತುಹೋಗುತ್ತವೆ; ವರ್ಷಗಟ್ಟಲೆ ನಾವು ಹಂಚಿದ ಕೊಂಡಿಗಳು ಒಂದೇ ರಾತ್ರಿಯಲ್ಲಿ ಗೋಡೆಗೆ ಹೋಗಿ ತಾಗುತ್ತವೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ಕರೆದೊಯ್ಯಬೇಕು ಎಂಬ ಒಂದು ಷರತ್ತನ್ನು ಟೆಂಡರಿನಲ್ಲಿ ಸೇರಿಸಿದರೆ ಸಾಕು. ಒಂದೇ ಸಾಲು. ಆ ಸಾಲು ಇಲ್ಲದ ಟೆಂಡರುಗಳನ್ನು ನೋಡಿ ನಾನು ಬಹಳ ಸಂಕಟಪಟ್ಟಿದ್ದೇನೆ.

ಇನ್ನು ಕನ್ನಡದ ಮಾತು. ಕನ್ನಡ ಲಿಪಿಗೆ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಜಾಗ ಸಿಕ್ಕಿತು. ಆದರೂ ನಮ್ಮ ಎಷ್ಟೋ ಕಚೇರಿಗಳಲ್ಲಿ ಇಂದಿಗೂ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿ, ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಹಾಳೆಯ ಮೇಲೆ ಅದು ಅಂದವಾದ ಕನ್ನಡ. ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದರಿಂದಲೇ ಎಲ್ಲರೂ ಫೋಟೊ ಕಳಿಸುವ ಅಭ್ಯಾಸಕ್ಕೆ ಬಿದ್ದದ್ದು. ಹುಡುಕುವವರಿಗೂ ಆ ಕನ್ನಡ ಸಿಗುವುದಿಲ್ಲ, ಯಂತ್ರದ ಪಾಲಿಗೆ ಅದು ಕನ್ನಡವೇ ಅಲ್ಲ.

ಇದರ ನಿಜವಾದ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದು ನನಗೆ ತಿಳಿದದ್ದು ತಡವಾಗಿ. ಎಂ.ಎ. ಓದುತ್ತಿದ್ದ, ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ಒಂದು ಮಧ್ಯಾಹ್ನ ಗೆಳೆಯನ ತೋಳು ಹಿಡಿದು ನನ್ನ ಕೋಣೆಗೆ ಬಂದ. ಫೋನನ್ನು ಮೇಜಿನ ಮೇಲಿಟ್ಟು, ನಮ್ಮ ಪುಟದಲ್ಲಿ ಅಂದು ಬೆಳಿಗ್ಗೆ ಹಾಕಿದ್ದ ವಿದ್ಯಾರ್ಥಿವೇತನದ ಪ್ರಕಟಣೆಯ ಮೇಲೆ ಬೆರಳು ಸರಿಸಿದ. ಫೋನಿನೊಳಗಿನ ದನಿ ವಿಶ್ವವಿದ್ಯಾಲಯದ ಹೆಸರು ಹೇಳಿತು, ವೇಳೆ ಹೇಳಿತು, ಆಮೇಲೆ "ಇಮೇಜ್" ಎಂದು ಸುಮ್ಮನಾಯಿತು. ಮತ್ತೆ ಸರಿಸಿದ. ಮತ್ತೆ "ಇಮೇಜ್". "ಇಷ್ಟ ಹೇಳ್ತದ್ರಿ ಸರ್. ಇದರಾಗ ಏನೈತಿ, ಕೊನೀ ತಾರೀಖು ಯಾವುದು, ಯಾರನ್ನರೆ ಕೇಳಬೇಕು. ದಿನಾ ಯಾರನ್ನ ಕೇಳ್ಲಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾನೇ ಟೈಪ್ ಮಾಡಿದೆ, ಯೂನಿಕೋಡ್‌ನಲ್ಲಿ, ಆರು ಸಾಲು. ಏರಿಸಿದೆ. ಅವನು ಮತ್ತೆ ಬೆರಳು ಸರಿಸಿದಾಗ ಫೋನು ಸ್ವಲ್ಪ ಒರಟಾದ ಯಂತ್ರದ ಕನ್ನಡದಲ್ಲಿ ಆರೂ ಸಾಲನ್ನು ಓದಿ ಮುಗಿಸಿತು. ಅವನು ಕೊನೆಯ ತಾರೀಖನ್ನು ತನಗೆ ತಾನೇ ಇನ್ನೊಮ್ಮೆ ಹೇಳಿಕೊಂಡು ಎದ್ದ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯೂ ಇದನ್ನೇ ಕೇಳುತ್ತವೆ; ಆದರೆ ನನಗೆ ಅದು ನಾಟಿದ್ದು ಆ "ಇಮೇಜ್" ಎಂಬ ಪದದಿಂದ. ಅಂದಿನಿಂದ ಬರಿಯ ಚಿತ್ರವಾಗಿ ಯಾವ ಪ್ರಕಟಣೆಯೂ ಹೋಗದಂತೆ ನೋಡಿಕೊಂಡೆವು. ಚಿತ್ರ ಹಾಕಿದರೂ ಅದರಲ್ಲಿರುವುದು ಅಕ್ಷರದಲ್ಲೂ ಜೊತೆಗಿರಬೇಕು.

ಡಂಗುರದವರು ಬದಲಾಗುತ್ತಲೇ ಇರುತ್ತಾರೆ. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಟಿಕ್‌ಟಾಕ್ 2020ರ ಜೂನ್ ಕೊನೆಗೆ ನಮ್ಮ ದೇಶದಲ್ಲಿ ನಿಷೇಧವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ, ಮೊದಲಿಗೆ ಕನ್ನಡದಲ್ಲೇ ಶುರುವಾದ ಕೂ 2024ರಲ್ಲಿ ಬಾಗಿಲು ಹಾಕಿತು. ಅದನ್ನು ನಾನು ಪ್ರೀತಿಯಿಂದ ನೋಡುತ್ತಿದ್ದೆ. ಟ್ವಿಟರ್ 2023ರ ಜುಲೈನಲ್ಲಿ ಎಕ್ಸ್ ಆಯಿತು. ಅದೇ ಸುಮಾರಿಗೆ ಲಾಗಿನ್ ಆಗದವರಿಗೆ ಅಲ್ಲಿನ ಬರಹಗಳು ಕಾಣದಂತಾಗಿ, ಮುಖಪುಟದಲ್ಲಿ ಟ್ವೀಟುಗಳ ಪಟ್ಟಿ ಕೂರಿಸಿಕೊಂಡಿದ್ದ ಜಾಲತಾಣಗಳಲ್ಲಿ ಲೋಕದಾದ್ಯಂತ ಆ ಜಾಗ ಬಿಳಿಯಾಗಿ ಉಳಿಯಿತು. ತಮ್ಮ ಸುದ್ದಿಯನ್ನು ಅಲ್ಲಿ ಬರೆದು, ಅಲ್ಲಿಂದ ತಮ್ಮ ಮನೆಗೆ ತಂದು ತೋರಿಸುತ್ತಿದ್ದವರಿಗೆ ಮನೆಯಲ್ಲೇ ಸುದ್ದಿ ಇಲ್ಲದಂತಾಯಿತು. ಹರಿವು ಮನೆಯಿಂದ ಹೊರಗೆ ಇದ್ದವರಿಗೆ ಏನೂ ಆಗಲಿಲ್ಲ. ಬೇರೆಯವರ ಜಗುಲಿಯಲ್ಲಿ ಕೂತು ಮಾತಾಡಬಹುದು, ದಫ್ತರವನ್ನು ಅಲ್ಲಿ ಬಿಟ್ಟುಬರಬಾರದು.

ಕೀಲಿಕೈಯ ಸಂಗತಿಯೂ ಇದೆ. ಪುಟ ತೆರೆದವರು ಅತಿಥಿ ಉಪನ್ಯಾಸಕರು, ಅವರದೇ ಮೊಬೈಲ್ ಸಂಖ್ಯೆ, ಅವರದೇ ಇಮೇಲ್. ವರ್ಷ ಮುಗಿದು ಅವರು ಹೋಗುತ್ತಾರೆ. ಆಮೇಲೆ ಒಟಿಪಿ ಯಾರ ಫೋನಿಗೆ ಬರುತ್ತದೆ ಎಂದು ಹುಡುಕಾಟ. ಅವರನ್ನು ದೂರುವುದು ಅನ್ಯಾಯ. ಗುತ್ತಿಗೆಯ ಮೇಲೆ ದುಡಿಯುವ ಆ ಎಳೆಯರೇ, ಯಾರೂ ಹೇಳದಿದ್ದಾಗ, ರಾತ್ರಿ ಹತ್ತಕ್ಕೂ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರಿಸಿದವರು. ಖಾತೆಗಳು ಹುದ್ದೆಯ ಹೆಸರಿನ ಇಮೇಲಿಗೆ, ಕಚೇರಿಯ ಸಿಮ್‌ಗೆ ಸೇರಿರಬೇಕು. ಕೆಲಸ ಮಾಡುವವರಿಗೆ ಒಂದು ಹುದ್ದೆ, ಒಂದು ಸಂಬಳ, ಒಂದು ಕುರ್ಚಿ ಇರಬೇಕು. ಗ್ರಂಥಪಾಲಕ ಇಲ್ಲದೆ ಗ್ರಂಥಾಲಯ ನಡೆಸುವುದಿಲ್ಲವಷ್ಟೆ.

ಈಗ ನಾನು ಬಾಕಿ ಇಟ್ಟ ಪ್ರಶ್ನೆ. ನಮ್ಮ ಒಂದು ತಿಂಗಳ ಬರಹಗಳನ್ನು ಒಮ್ಮೆ ಸಾಲಾಗಿ ಹರಡಿಕೊಂಡು ನೋಡಿದೆ. ದೀಪ ಬೆಳಗುವುದು, ಶಾಲು, ಹಾರ, ನೆನಪಿನ ಕಾಣಿಕೆ, ಗುಂಪು ಚಿತ್ರ. ಅತಿಥಿ ಏನು ಹೇಳಿದರೆಂದು ಒಂದು ಸಾಲೂ ಇಲ್ಲ. ಪಿಎಚ್.ಡಿ. ಪಡೆದವರ ಚಿತ್ರ, ಇಂಗ್ಲಿಷಿನಲ್ಲಿ ಪ್ರಬಂಧದ ಶೀರ್ಷಿಕೆ, ಅಭಿನಂದನೆ. ನಾಲ್ಕೈದು ವರ್ಷ ಕೂತು ಅವರು ಏನು ಕಂಡುಕೊಂಡರು? ಗೌರವಿಸುವುದು ಬೇಡವೆನ್ನುತ್ತಿಲ್ಲ, ಹೆತ್ತವರು ಆ ಚಿತ್ರವನ್ನು ಊರಿಗೆಲ್ಲ ತೋರಿಸುತ್ತಾರೆ, ತೋರಿಸಬೇಕು. ಆದರೆ ಪ್ರಸಾರಾಂಗ ಎಂಬ ಪದ ಕಂಡುಕೊಂಡ ನಾಡಿನಲ್ಲಿ ಪ್ರಸಾರವಾಗುತ್ತಿರುವುದು ಶಾಲು ಮಾತ್ರ ಎಂದಾಗ ನನಗೆ ನೋವಾಯಿತು.

ಆ ತಿಂಗಳ ಬರಹಗಳಲ್ಲಿ ಒಂದು, ನಮ್ಮ ಕಡೆಯದೇ ಒಂದು ಕೆರೆಯ ನೀರಿನ ಮೇಲೆ ಕೆಲಸ ಮಾಡಿದ ಸಂಶೋಧಕಿಯದು. ಶಾಲು ಹೊದ್ದ ಚಿತ್ರದ ಕೆಳಗೆ ನೂರಾರು ಅಭಿನಂದನೆಗಳು. ಅವುಗಳ ನಡುವೆ ಆ ಕೆರೆ ದಂಡೆಯ ಊರಿನವರೊಬ್ಬರು ಬರೆದಿದ್ದರು: "ಹಂಗಾರ ನಮ್ಮ ಕೆರಿ ನೀರು ಕುಡೀಬಹುದೇನ್ರಿ?" ಹನ್ನೊಂದು ದಿನವಾಗಿತ್ತು. ಯಾರೂ ಉತ್ತರ ಕೊಟ್ಟಿರಲಿಲ್ಲ. ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎನ್ನುವುದೇ ಸರಿ. ಬರಹ ಹಾಕುವುದಕ್ಕೆ ವಹಿಯಿತ್ತು, ಬಂದ ಪ್ರಶ್ನೆಗೆ ವಹಿಯಿರಲಿಲ್ಲ. ಆವಕವಿಲ್ಲದ ಜಾವಕ.

ಸಂಶೋಧಕಿಗೆ ಫೋನು ಮಾಡಿದೆ. ಅವರು ಪ್ರಬಂಧದ ಸಾರಾಂಶ ಕಳಿಸಿದರು. "ಇದಲ್ಲ, ಆ ಯಜಮಾನರಿಗೆ ಉತ್ತರ ಬೇಕು" ಎಂದೆ. ಎರಡು ದಿನ ಬಿಟ್ಟು ತಾವೇ ಬಂದರು. ನನ್ನ ಮೇಜಿನ ಮುಂದೆ ಕೂತು, ಬರೆದು, ಹೊಡೆದು, ಮತ್ತೆ ಬರೆದು, ಕನ್ನಡದಲ್ಲಿ ಒಂದೂವರೆ ಪುಟ ಮಾಡಿದರು. ಒಂದು ಕಡೆ ಇಂಗ್ಲಿಷಿನ ಪದ ಬಿಡಿಸಲಾಗದೆ, ತಮ್ಮ ತಾಯಿಗೆ ಫೋನು ಮಾಡಿ, ನೀರಿನ ಮೇಲೆ ಕಟ್ಟುವ ಹಸಿರು ಪದರಕ್ಕೆ ಊರಲ್ಲಿ ಏನನ್ನುತ್ತಾರೆಂದು ಕೇಳಿದರು. ಪಾಚಿ ಎಂಬ ಉತ್ತರ ಬಂದಾಗ ಇಬ್ಬರಿಗೂ ನಗು ಬಂತು. ಅಷ್ಟು ಹತ್ತಿರವಿದ್ದ ಪದ ಐದು ವರ್ಷ ಅವರ ಬರಹದಿಂದ ದೂರವಿತ್ತು. ಆ ಒಂದೂವರೆ ಪುಟವನ್ನು ಜಾಲತಾಣದಲ್ಲಿ ಅವರ ಹೆಸರಿನಲ್ಲಿ ಏರಿಸಿದೆವು, ತಾರೀಖು ಹಾಕಿ. ವಹಿಯಲ್ಲಿ ಹೊಸದಾಗಿ ಒಂದು ಅಂಕಣ ಗೀಚಿ, ಮೇಲೆ "ಬಂದ ಪ್ರಶ್ನೆ" ಎಂದು ಬರೆದೆವು. ಆಮೇಲೆ ಕೊಂಡಿಯನ್ನು ಆ ಯಜಮಾನರ ಪ್ರಶ್ನೆಯ ಕೆಳಗೇ ಹಾಕಿದೆವು.

ಅಂದು ಸಂಜೆ ಅವರು ಇನ್ನೆರಡು ಪ್ರಶ್ನೆ ಕೇಳಿದ್ದರು. ಅವಕ್ಕೂ ಉತ್ತರ ಅದೇ ಪುಟದಲ್ಲಿ ಸೇರಿತು. ಆಮೇಲೆ ನಮ್ಮ ಜಾಲತಾಣ ಒಮ್ಮೆ ಹೊಸದಾಗಿದೆ, ನಾನು ಆ ಕೆಲಸದಿಂದ ಹೊರಗೆ ಬಂದಿದ್ದೇನೆ. ಇಲ್ಲಿಗೆ ಹೊರಡುವ ಮೊದಲು, ಇವತ್ತು ಬೆಳಿಗ್ಗೆ, ಆ ಹಳೆಯ ಕೊಂಡಿಯನ್ನು ಒತ್ತಿ ನೋಡಿದೆ. ತೆರೆಯಿತು.